ಬಾಗಿಲೊಳಗಿನ ನೀರು

ನಮ್ಮ ಪಿಕಪ್ಪಿನ ಎಡಗಡೆ ಬಾಗಿಲು ಹಾಕುವುದಕ್ಕೆ ಒಂದು ಕ್ರಮ ಇತ್ತು. ಹೊರಗೆ ನಿಂತು ಎರಡೂ ಕೈಯನ್ನು ಬಾಗಿಲಿನ ಅಡಿಗೆ ಕೊಟ್ಟು ಎರಡು ಬೆರಳಿನಷ್ಟು ಮೇಲಕ್ಕೆ ಎತ್ತಬೇಕು. ಎತ್ತಿ ಹಿಡಿದುಕೊಂಡೇ ಸೊಂಟದಿಂದ ಒಂದು ಗುದ್ದು ಕೊಡಬೇಕು. ಆಮೇಲೆ ಬಾಗಿಲಿನ ಒಳಹಿಡಿಗೆ ಕಟ್ಟಿದ ನೈಲಾನ್ ಹಗ್ಗವನ್ನು ಒಳಗೆ ಕೂತವರು ಕೈಗೆ ಒಂದು ಸುತ್ತು ಸುತ್ತಿ ಹಿಡಿದುಕೊಳ್ಳಬೇಕು. ಹಾಲಾಡಿ ಬರುವ ತನಕ ಬಿಡುವ ಹಾಗಿಲ್ಲ. ಬಿಟ್ಟರೆ ಮೊದಲನೇ ತಿರುವಿನಲ್ಲೇ ಬಾಗಿಲು ಬಾಯಿ ತೆರೆಯುತ್ತಿತ್ತು. ಎತ್ತಿ ಗುದ್ದುವವನು ನಾನು, ಹಗ್ಗ ಹಿಡಿದು ಕೂರುವವಳು ನನ್ನ ಹೆಂಡತಿ. ಆರು ವರ್ಷ ಹೀಗೇ ನಡೆಯಿತು. ಇಬ್ಬರಿಗೂ ಅದು ಅಭ್ಯಾಸವಾಗಿದೆ ಎಂದು ನಾನು ತಿಳಿದುಕೊಂಡಿದ್ದೆ.

ಅವಳು ಹೋಗಿ ಮೂರು ವರ್ಷವಾಯಿತು. ಜ್ವರವೆಂದು ಮಲಗಿದವಳು ಏಳಲಿಲ್ಲ. ಅಂದಿನಿಂದ ಗಾಡಿ ಕೋಟೇಶ್ವರದ ನಮ್ಮ ಮನೆಯ ಪಕ್ಕದ ಶೀಟಿನ ಮಾಡಿನಡಿ ನಿಂತಿತ್ತು. ನಾನು ಕೊಳ್ಳುವಾಗಲೇ ಅದು ಮುದಿಗಾಡಿ. ಗುಂಡು ಮೂತಿ, ಕೋಳಿಮೊಟ್ಟೆಯಂಥ ದೀಪ, ಈಗಿನ ಗಾಡಿಗಳ ಎರಡು ಬಾಗಿಲು ಸೇರಿದರೂ ಅದರ ಒಂದು ಬಾಗಿಲಿನ ಭಾರ ಬಾರದು. ರಸ್ತೆಯಲ್ಲಿ ಹೋಗುವ ಹುಡುಗರು ಈಗ ಅದರ ಫೋಟೋ ತೆಗೆಯುತ್ತಾರೆ. ನಮಗೆ ಅದು ಫೋಟೋ ತೆಗೆಯುವ ವಸ್ತು ಆಗಿರಲಿಲ್ಲ. ಇಪ್ಪತ್ತು ವರ್ಷಕ್ಕೆ ಮಿಕ್ಕಿ ಅದರಲ್ಲಿ ಬಂದರಿನಿಂದ ಮೀನು ತಂದು ಒಳನಾಡಿಗೆ ಹೊತ್ತೆವು.

ಸೀಟಿನಲ್ಲಿ ಮೂರು ಜನ. ನಾನು ಓಡಿಸುವವನು. ನಡುವೆ ಪಕ್ಕದ ಮನೆಯ ಅಕ್ಕ. ಬಾಗಿಲಿನ ಬದಿಯಲ್ಲಿ ನನ್ನ ಹೆಂಡತಿ. ಪಕ್ಕದ ಮನೆಯವಳು ಬಸ್ರೂರಿನಲ್ಲಿ ಬುಟ್ಟಿ ಇಳಿಸಿ ಮನೆಮನೆ ಸುತ್ತಿ ಮಾರುತ್ತಿದ್ದಳು. ಹಾಗಾಗಿ ನಮ್ಮ ಬಾಯಲ್ಲಿ ಅವಳು ಬಸ್ರೂರಕ್ಕ. ಅವಳನ್ನು ಅಲ್ಲಿ ಬಿಟ್ಟು ನಾವಿಬ್ಬರು ಹಾಲಾಡಿಗೆ ಹೋಗಬೇಕು. ಅಲ್ಲಿ ಪೇಟೆಯ ಕೂಡುರಸ್ತೆಯ ಹತ್ತಿರ ಒಂದು ಮುಚ್ಚಿದ ಅಂಗಡಿಯ ಜಗಲಿಯ ಮುಂದೆ ನನ್ನ ಹೆಂಡತಿಯ ಜಾಗ. ಒಳಗಿನಿಂದ ತೆರೆದರೆ ಬಾಗಿಲು ಜಗ್ಗಿ ಮೆಟ್ಟಿಲಿಗೆ ಕುಟ್ಟುತ್ತಿತ್ತು. ನಾನು ಇಳಿದು, ಗಾಡಿಗೆ ಒಂದು ಸುತ್ತು ಬಂದು, ಬಾಗಿಲು ಎತ್ತಿ ತೆರೆದು ಕೊಟ್ಟರೆ ಅವಳು ಇಳಿಯಬೇಕು. ಯಾರೋ ಒಬ್ಬರು ಅದನ್ನು ನೋಡಿ, ಮಂತ್ರಿಗೆ ತೆರೆದ ಹಾಗೆ ಹೆಂಡತಿಗೆ ಬಾಗಿಲು ತೆರೆಯುತ್ತಾನೆ ಎಂದು ನಗೆಯಾಡಿದ್ದರು. ಅವಳಿಗೆ ಆ ಮಾತು ಖುಷಿ ಕೊಟ್ಟಿತ್ತು. ಆ ದಿನ ಇಡೀ ಸೆರಗು ಸರಿ ಮಾಡಿಕೊಳ್ಳುತ್ತಲೇ ಇದ್ದಳು.

ಬಾಗಿಲಿನ ಬಗ್ಗೆ ಅವಳು ಹೇಳದೆ ಇರಲಿಲ್ಲ. ಹಗ್ಗ ಬರುವುದಕ್ಕೂ ಮೊದಲೇ ಶುರುವಾದ ಮಾತು ಅದು.

"ಹ್ವಾಯ್, ಬಾಗ್ಲೊಳ್ಗ್ ನೀರಿತ್ತ್ ಕಾಣಿ. ಗುಳುಗುಳು ಅಂಬುದ್ ಕೇಂತಿಲ್ಯಾ?"

"ಅದ್ ಹಿಂದಿನ್ ಐಸ್ ಕರ್ಗಿದ್ ನೀರ್. ಸುಮ್ನೆ ಕೂಕೊ."

"ಹಿಂದಿನ್ ಸದ್ದ್ ಹಿಂದ್ ಕೇಂತ್. ಇದ್ ನನ್ ಮೊಣಕಾಲ್ ಹತ್ರ ಕೇಂತ್."

"ಗಾಡಿ ಬಿಡುದ್ ನಾನಾ, ನೀನಾ?"

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಎಂಟು ದಿನ ಬಿಟ್ಟು ಮತ್ತೆ ಅದೇ. ನನ್ನ ಬಾಯಿ ಒಳ್ಳೆಯದಲ್ಲ, ಅದು ನನಗೂ ಗೊತ್ತು. ಗಾಡಿಯ ವಿಷಯದಲ್ಲಿ ಹೆಂಗಸರು ಮಾತಾಡಿದರೆ ಆಗ ನನಗೆ ಕಿವಿಯೇ ಇರುತ್ತಿರಲಿಲ್ಲ. ಅದಕ್ಕೊಂದು ಕಾರಣವೂ ಇತ್ತು. ಆ ಬಾಗಿಲಿಗೆ ನೀರು ಹೋಗದ ಹಾಗೆ ಬಂದೋಬಸ್ತು ಮಾಡಿದವನೇ ನಾನು. ಅದನ್ನು ಮುಂದೆ ಹೇಳುತ್ತೇನೆ.

ಅವಳು ತೀರಿಕೊಂಡ ಮೇಲೆ, ಉತ್ತರಕ್ರಿಯೆಯ ಊಟದ ದಿನ ಎಲ್ಲ ಮುಗಿದು ನೆಂಟರು ಹೊರಟಾಗ, ಬಸ್ರೂರಕ್ಕ ಜಗಲಿಯಲ್ಲಿ ಕೂತು ಅಳುತ್ತ ಒಂದು ಮಾತು ಹೇಳಿದಳು. "ಆ ಹೆಣ್ಣ್ ಹಗ್ಗ ಹಿಡ್ದ್ ಹಿಡ್ದೇ ಸವ್ದ್ ಹೋಯ್ತ್ ಅಣ್ಣ. ಒಂದ್ ಬಾಗ್ಲ್ ಸರಿ ಮಾಡ್ಸುಕ್ ನಿಮ್ಗ್ ಕೈ ಬರ್ಲಿಲ್ಲ." ಜ್ವರದಿಂದ ಹೋದವಳಿಗೂ ಬಾಗಿಲಿಗೂ ಏನು ಸಂಬಂಧ? ಸಂಬಂಧ ಇಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಆ ದಿನ ಬೆಳಿಗ್ಗೆಯಿಂದ ನನ್ನ ಕಣ್ಣ ಮುಂದೆ ಇದ್ದದ್ದು ಹೆಂಡತಿಯ ಎಡ ಅಂಗೈ. ಕೊನೆಯ ಸಲ ಆ ಕೈ ಹಿಡಿದಾಗ ಬೆರಳಿನ ಬುಡದಲ್ಲಿ ಸಾಲಾಗಿ ನಾಲ್ಕು ಗಂಟು ಸಿಕ್ಕಿದ್ದವು, ದೋಣಿಯ ಹುಟ್ಟು ಹಾಕುವವರ ಕೈಯಲ್ಲಿ ಇರುವ ಹಾಗೆ. ಬಲಗೈಯಲ್ಲಿ ಇರಲಿಲ್ಲ.

"ಹಾಂಗಾರೆ ಇನ್ ನನ್ ಮನಿ ಮೆಟ್ಲ್ ಹತ್ತುದ್ ಬ್ಯಾಡ," ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ರೂರಕ್ಕ ಎದ್ದು ಹೋದಳು. ಮಾರನೇ ವಾರದಿಂದ ಬುಟ್ಟಿ ಹೊತ್ತು ಬಸ್ಸಿನಲ್ಲಿ ಬಸ್ರೂರಿಗೆ ಹೋಗುವುದಕ್ಕೆ ಸುರುಮಾಡಿದಳು. ದಿನಾ ಬೆಳಿಗ್ಗೆ ನನ್ನ ಅಂಗಳದ ಅಂಚಿನ ದಾರಿಯಲ್ಲೇ ಅವಳು ಹೋಗಬೇಕು. ಅವಳು ಬರುವ ಹೊತ್ತಿಗೆ ನಾನು ಒಳಗೆ ಹೋಗುತ್ತಿದ್ದೆ. ಹೀಗೆ ಮೂರು ವರ್ಷ. ಒಬ್ಬನೇ ಇರುವವನಿಗೆ ದಿನಕ್ಕೆ ಒಂದು ಮಾತು ಸಿಕ್ಕಿದರೂ ಸಾಕಿತ್ತು. ಅದನ್ನೂ ನಾನೇ ಕಳೆದುಕೊಂಡಿದ್ದೆ. ಕೆಲವು ದಿನ ಸಂಜೆ ಅಂಗಡಿಯವನ ಹತ್ತಿರ ಬೆಲ್ಲ ಕೇಳುವಾಗ, ಬೆಳಿಗ್ಗೆಯಿಂದ ನಾನು ಬಾಯಿ ತೆರೆದದ್ದು ಇದೇ ಮೊದಲು ಎಂದು ನೆನಪಾಗುತ್ತಿತ್ತು.

ಈ ಬೇಸಿಗೆಯಲ್ಲಿ ಒಬ್ಬ ಗುಜರಿಯವನು ಬಂದ. ಗಾಡಿಗೆ ಸುತ್ತು ಹೊಡೆದು, ಟಯರಿಗೆ ಒದ್ದು, ಎಡಗಡೆ ಬಾಗಿಲು ಎಳೆದ. ಬಾಗಿಲು ಕೆಳಕ್ಕೆ ಜಗ್ಗಿ ಮೆಟ್ಟಿಲಿನ ತಗಡಿಗೆ ಕುಟ್ಟಿತು. ಒಳಗಿನಿಂದ ಹಗ್ಗ ಜೋತುಬಿತ್ತು.

"ಇದೆಂತ ಮಾರಾಯ್ರೆ, ಬಾಗ್ಲಿಗ್ ಮೂಗ್ದಾರ ಹಾಕಿದ್ರಿಯಾ?" ಎಂದು ನಕ್ಕ.

ಅವನ ತಪ್ಪಲ್ಲ. ಯಾರಾದರೂ ನಗುವಂಥದ್ದೇ. ಆದರೆ ಆ ಹಗ್ಗದ ಒಂದು ಗೇಣು ಜಾಗ ಬೇರೆ ಬಣ್ಣಕ್ಕೆ ತಿರುಗಿತ್ತು, ನೀಲಿ ಹೋಗಿ ಬೂದಿ ಆಗಿತ್ತು. ಅವಳು ಹಿಡಿಯುತ್ತಿದ್ದ ಜಾಗ ಅದು. ಅವನ ಕೈ ಸರಿಯಾಗಿ ಅಲ್ಲೇ ಇತ್ತು. "ಗಾಡಿ ಕೊಡುದಿಲ್ಲ, ಹೊರಡಿ," ಎಂದೆ. ಅವನು ಹೋದ ಮೇಲೆ ನಾನು ಗಾಡಿಯ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತೆ. ಗಾಡಿ ಮುಂದೆ ಏನಾದರೂ ಆಗಲಿ, ಗುಜರಿಗೇ ಹೋಗಲಿ. ಅದಕ್ಕೂ ಮೊದಲು ಈ ಬಾಗಿಲು ಒಂದು ಕೈಯಲ್ಲಿ ಹಾಕುವ ಹಾಗೆ ಆಗಬೇಕು, ಆ ಬಾಗಿಲಿನಲ್ಲಿ ಒಮ್ಮೆ ಹಾಲಾಡಿಗೆ ಹೋಗಿ ಬರಬೇಕು. ಅವಳಿಗೆ ಬೇಕಾದಾಗ ಮಾಡದೆ ಈಗ ಮಾಡಿ ಯಾರಿಗೆ ಉಪಕಾರ? ಕೇಳುವವರೂ ಇರಲಿಲ್ಲ.

ಬ್ರಹ್ಮಾವರದಲ್ಲಿ ಹಳೆ ಗಾಡಿಗಳ ತಗಡಿನ ಕೆಲಸ ಮಾಡುವ ಒಬ್ಬ ಟಿಂಕರ್ ಇದ್ದಾನೆ. ಫೋನು ಮಾಡಿದೆ. ತನ್ನಲ್ಲಿ ಗಾಡಿ ನಿಲ್ಲಿಸುವುದಕ್ಕೆ ಜಾಗವಿಲ್ಲ, ಎರಡೂ ಬಾಗಿಲು ಬಿಚ್ಚಿ ತಂದುಕೊಡಿ, ಬಿಚ್ಚುವ ಮೊದಲು ಕೀಲು ಕೂತ ಜಾಗಕ್ಕೆ ಗುರುತು ಹಾಕಿಕೊಳ್ಳಿ ಎಂದ. ಗುರುತು ಗಿರುತು ನನಗೆ ಬೇಡ, ಇಪ್ಪತ್ತು ವರ್ಷ ಓಡಿಸಿದ ಗಾಡಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಬಲಗಡೆಯದು ಅರ್ಧ ದಿನದಲ್ಲಿ ಬಂತು. ಎಡಗಡೆಯದಕ್ಕೆ ನಾಲ್ಕು ದಿನ ಹಿಡಿಯಿತು. ಮೇಲೊಂದು ಕೆಳಗೊಂದು ಕೀಲು, ಒಂದೊಂದಕ್ಕೆ ಮೂರು ಬೋಲ್ಟು. ಉಪ್ಪುನೀರು ಕುಡಿದು ಕುಡಿದು ಬೋಲ್ಟಿನ ತಲೆ ಯಾವುದು, ತುಕ್ಕಿನ ಗುಳ್ಳೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಡೀಸೆಲಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿಟ್ಟು, ಬೆಳಿಗ್ಗೆ ಸಂಜೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಪಾನೆಗೆ ಉದ್ದದ ಪೈಪು ಸಿಕ್ಕಿಸಿ ತಿರುಗಿಸಿದೆ. ಐದು ಬೋಲ್ಟು ಬಂದವು. ಆರನೆಯದರ ತಲೆ ಮುರಿದು ಕೈಗೆ ಬಂತು, ಉಳಿದ ತುಂಡನ್ನು ಆಮೇಲೆ ಕೊರೆದು ತೆಗೆದೆ. ಬಾಗಿಲಿನ ಅಡಿಗೆ ಮೂರು ಮೀನಿನ ಕ್ರೇಟು ಪೇರಿಸಿ, ಮೇಲೆ ಹಳೆ ಟ್ಯೂಬು ಮಡಚಿ ಇಟ್ಟಿದ್ದೆ. ಕೊನೆಯ ಬೋಲ್ಟು ಬಿಟ್ಟಾಗ ಬಾಗಿಲು ಆ ಕ್ರೇಟಿನ ಮೇಲೆ ಕೂತಿತು.

ಆಗ ಸದ್ದು ಕೇಳಿತು. ಗುಳುಗುಳು.

ಮೂರು ವರ್ಷ ಮಾಡಿನಡಿ ನಿಂತ ಗಾಡಿ. ಗಾಳಿಮಳೆಗೆ ಎರಚಲು ಬಂದದ್ದು ಇರಬಹುದು. ಬಾಗಿಲನ್ನು ಅಡ್ಡ ಮಲಗಿಸಿದೆ. ಗಾಜು ಇಳಿಯುವ ಸಂದಿಯಿಂದ ಕಪ್ಪು ನೀರು ಸುರಿಯಿತು, ಒಂದು ಕೊಡಕ್ಕೆ ಕಡಿಮೆ ಇರಲಿಕ್ಕಿಲ್ಲ. ನೀರಿನ ಹಿಂದೆ ಕೆಸರು, ಕೆಸರಿನಲ್ಲಿ ಮೀನಿನ ಹುರುಪೆ, ತುಕ್ಕು ಹಿಡಿದ ಮೂರು ಸೇಫ್ಟಿ ಪಿನ್ನು. ಅವಳು ಸೆರಗಿನ ಪಿನ್ನನ್ನು ಕಿಟಕಿಯ ರಬ್ಬರಿಗೆ ಚುಚ್ಚಿ ಇಡುತ್ತಿದ್ದಳು. ಆಗಾಗ ಕಾಣೆಯಾಗುತ್ತಿತ್ತು. ಕಾಣೆಯಾದಾಗಲೆಲ್ಲ ನಾನೇ ತೆಗೆದೆ ಎಂದು ಜಗಳ. ಪಿನ್ನು ಮೂರನ್ನೂ ತೊಳೆದು ಕಿಟಕಿಯ ದಂಡೆಯಲ್ಲಿ ಇಟ್ಟೆ.

ಬಾಗಿಲು ಎರಡನ್ನೂ ಗೂಡ್ಸ್ ರಿಕ್ಷಾದಲ್ಲಿ ಹಾಕಿಸಿ ಬ್ರಹ್ಮಾವರಕ್ಕೆ ಒಯ್ದೆ. ಟಿಂಕರ್ ಎಡಗಡೆ ಬಾಗಿಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಅಡಿಯ ಅಂಚನ್ನು ಸ್ಕ್ರೂಡ್ರೈವರಿನಿಂದ ಕೆರೆದ. ತಗಡು ಹಪ್ಪಳದ ಹಾಗೆ ಉದುರಿತು. ಒಂದು ಕಡೆ ಮಾತ್ರ ಉದುರಲಿಲ್ಲ. ಅಲ್ಲಿ ಸ್ಕ್ರೂಡ್ರೈವರ್ ಏನೋ ಮೆತ್ತಗಿನದಕ್ಕೆ ಚುಚ್ಚಿ, ಎಳೆದರೆ ಕರಿ ಹತ್ತಿ ಬಂತು.

"ಇದ್ ಯಾರ್ ಮಾಡಿದ್ ಕೆಲ್ಸ?" ಎಂದು ನನ್ನ ಮುಖ ನೋಡಿದ.

ಮಾಡಿದ್ದು ನಾನು. ಗಾಡಿ ಕೊಂಡ ವರ್ಷ, ಮೊದಲ ಮಳೆಗಾಲಕ್ಕೆ ಮೊದಲು, ಬಾಗಿಲುಗಳ ಅಡಿಯಲ್ಲಿ ಐದೈದು ತೂತು ಕಂಡೆ. ನನ್ನ ಅಪ್ಪ ದೋಣಿ ದುರಸ್ತಿ ಮಾಡುತ್ತಿದ್ದವರು. ನಾನು ನಡೆಯಲು ಕಲಿತದ್ದೇ ಮರಳಿನಲ್ಲಿ ಮಗುಚಿ ಹಾಕಿದ ದೋಣಿಯ ಅಂಚು ಹಿಡಿದು. ತೂತು ಕಂಡರೆ ಮುಚ್ಚಬೇಕು ಎಂಬುದು ನಮ್ಮ ಮನೆಯಲ್ಲಿ ಅನ್ನ ಕಂಡರೆ ಉಣ್ಣಬೇಕು ಎಂಬಷ್ಟೇ ಸಹಜ. ಹಲಗೆಯ ಸಂದಿಗೆ ಮಾಡುವ ಹಾಗೆ ಹತ್ತಿ ತುರುಕಿ, ರಾಳ ಕಾಯಿಸಿ ಬಳಿದು, ಒಳಗೆಲ್ಲ ದೋಣಿಗೆ ಬಳಿಯುವ ಗೇರೆಣ್ಣೆ ಹೊಡೆದೆ. ಬಲಗಡೆಯದು ದಿನಾ ನಾನು ಹಾಕಿದ ಹೊಡೆತಕ್ಕೆ ಯಾವಾಗಲೋ ಕಿತ್ತುಹೋಗಿತ್ತು. ಎಡಗಡೆಯದು ಕೂತಿತ್ತು. ಅಷ್ಟು ಚೆನ್ನಾಗಿ ಮಾಡಿದ್ದೆ. ಇನ್ನು ಇದರೊಳಗೆ ಒಂದು ಹನಿ ನೀರು ಹೋಗುವುದಿಲ್ಲ ಎಂದು ಹೆಂಡತಿಯನ್ನು ಕರೆದು ತೋರಿಸಿದ್ದೆ.

"ಗೊತ್ತಿಲ್ಲ," ಎಂದೆ. "ಮುಂಚಿನ್ ಓನರ್ ಮಾಡಿದ್ ಕಾಂತ್."

"ದೋಣಿ ಕೆಲ್ಸದವ್ರೇ ಆಯ್ಕ್. ದೋಣಿಗ್ ನೀರ್ ಒಳ್ಗ್ ಬಪ್ಪುಕಾಗ, ಹೌದ್. ಬಾಗ್ಲಿಗ್ ಹಾಂಗಲ್ಲ. ಗಾಜಿನ್ ಸಂದಿಯಂಗ್ ನೀರ್ ಬಂದೇ ಬತ್ತ್. ಬಂದದ್ ಹೊರ್ಗ್ ಹೋಪುಕ್ ದಾರಿ ಬೇಕ್. ಇದ್ರೊಳ್ಗ್ ನೀರೂ ಕೆಸ್ರೂ ತುಂಬಿ ತುಂಬಿ, ಆ ಭಾರಕ್ಕೇ ಕೀಲ್ ಜಗ್ಗಿದ್."

ಅವನು ಹೇಳುತ್ತಲೇ ಇದ್ದ. ನಾನು ಹೂಂ ಹೂಂ ಎಂದೆ. ಸತ್ತ ಹೆಂಡತಿಯ ಮಾತು ನಿಜವೆಂದು ಗುರುತಿಲ್ಲದ ಟಿಂಕರ್ ಹೇಳುತ್ತಿದ್ದಾನೆ, ನಾನು ಆಗಲೂ ಗುರುತಿಲ್ಲದ ಇನ್ನೊಬ್ಬನ ಮೇಲೆ ತಪ್ಪು ಹಾಕುತ್ತಿದ್ದೇನೆ. ವಾಪಸು ಬಸ್ಸಿನಲ್ಲಿ ಬರುವಾಗ ಕಿಟಕಿಯ ಬದಿ ಸೀಟು ಸಿಕ್ಕಿದರೂ ಹೊರಗೆ ನೋಡಲಿಲ್ಲ. ಆರು ವರ್ಷ ಅವಳು ಹಗ್ಗದಲ್ಲಿ ಹಿಡಿದದ್ದು ಬಾಗಿಲನ್ನಲ್ಲ, ನಾನು ಕೂಡಿಹಾಕಿದ ನೀರನ್ನು.

ಕೀಲಿನ ಗೂಟ ಸವೆದು ಬಾಗಿತ್ತು. ಆ ಗಾಡಿಯ ಸಾಮಾನು ಈಗ ಹೊಸದು ಎಲ್ಲಿಯೂ ಇಲ್ಲ. ಬೈಂದೂರಿನ ಒಂದು ಗುಜರಿಯಲ್ಲಿ ಅದೇ ಜಾತಿಯ ಗಾಡಿಯೊಂದು ಬಿದ್ದಿದೆ ಎಂದು ಟಿಂಕರೇ ತಿಳಿಸಿದ. ಹೋದೆ. ಅದರ ಸೀಟು ಇರಲಿಲ್ಲ, ಎಂಜಿನ್ ಇರಲಿಲ್ಲ, ಒಳಗೆ ಕೋಳಿ ಮರಿ ಮಾಡಿತ್ತು. ಕೀಲು ಗಟ್ಟಿ ಇತ್ತು. ಅದನ್ನು ಬಿಚ್ಚುವಾಗ, ಈ ಗಾಡಿಯ ಎಡಗಡೆ ಯಾರು ಕೂರುತ್ತಿದ್ದರೋ ಎಂದು ಯೋಚನೆ ಬಂತು. ಒಬ್ಬನೇ ಇದ್ದರೆ ಬೇಡದ ಯೋಚನೆಗಳೆಲ್ಲ ಬರುತ್ತವೆ.

ಮೂರು ವಾರಕ್ಕೆ ಬಾಗಿಲು ತಯಾರಾಗಿ ಬಂದವು. ಅಡಿಯಲ್ಲಿ ಹೊಸ ತಗಡು, ಐದು ತೂತು, ಮೇಲೆ ಹಳೆಯದೇ ನೀಲಿ ಬಣ್ಣ. ಬಲಗಡೆಯದನ್ನು ಟಿಂಕರಿನ ಕಡೆಯ ರಿಕ್ಷಾದವನೇ ಹಿಡಿದುಕೊಟ್ಟು ಕೂರಿಸಿ ಹೋದ. ಅವನಿಗೆ ಅವಸರ ಇತ್ತು. ಎಡಗಡೆಯದು ನಾನೇ ಮಾಡಿಕೊಳ್ಳುತ್ತೇನೆ ಎಂದೆ. ಅದಕ್ಕೆ ಬೇರೆಯವರ ಕೈ ಬೇಡ ಎಂದಿತ್ತು ಮನಸ್ಸು.

ಬಾಗಿಲು ಬಿಚ್ಚುವುದಕ್ಕೆ ಒಬ್ಬ ಸಾಕು, ಕೂರಿಸುವುದಕ್ಕೆ ಇಬ್ಬರು ಬೇಕು. ಬಿಚ್ಚುವಾಗ ಭಾರ ತಾನೇ ಕೆಳಗೆ ಬರುತ್ತದೆ. ಕೂರಿಸುವಾಗ ಆ ಭಾರವನ್ನು ಒಬ್ಬರು ಅಲ್ಲಾಡದೆ ಹಿಡಿದು ನಿಲ್ಲಬೇಕು, ಇನ್ನೊಬ್ಬರು ತೂತಿಗೆ ತೂತು ಹೊಂದಿಸಿ ಬೋಲ್ಟು ತೊಡಿಸಬೇಕು. ನಾನು ಕ್ರೇಟು ಪೇರಿಸಿದೆ. ಮೇಲಿನ ತೂತು ಕೂತರೆ ಕೆಳಗಿನದು ಅರ್ಧ ಬೆರಳು ಆಚೆ. ಜ್ಯಾಕು ಕೊಟ್ಟು ಎತ್ತಿದೆ, ಬಾಗಿಲು ಹೊರಕ್ಕೆ ವಾಲಿತು. ಮಾಡಿನ ತೊಲೆಗೆ ಬಲೆಯ ಹಗ್ಗ ಕಟ್ಟಿ ತೂಗುಹಾಕಿದೆ. ಗಾಳಿಗೆ ತಿರುಗಿ ಹೊಸ ಬಣ್ಣ ಕೆರೆದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಟಿಂಕರಿಗೆ ಬೈದೆ, ಬೈಂದೂರಿನ ಕೀಲಿಗೆ ಬೈದೆ. ಗುರುತು ಹಾಕಿಕೊಳ್ಳಿ ಎಂದು ಅವನು ಹೇಳಿದ್ದು ನೆನಪಾಗಿ ನನಗೇ ಬೈದುಕೊಂಡೆ. ಎರಡನೇ ದಿನ ಕೀಲಿನ ನಡುವೆ ಸಿಕ್ಕಿ ಹೆಬ್ಬೆರಳು ಕಪ್ಪಾಯಿತು. ಮೂರನೇ ದಿನ ಬೆಳಿಗ್ಗೆ ಭುಜದಲ್ಲಿ ಬಾಗಿಲು ಒತ್ತಿ ಹಿಡಿದು, ಒಂದು ಕೈಯಲ್ಲಿ ಬೋಲ್ಟು ಹಿಡಿದು ನಿಂತೆ. ಬೋಲ್ಟು ಕೈಜಾರಿ ಗಾಡಿಯ ಅಡಿಗೆ ಉರುಳಿತು. ಬಾಗಿಲು ಬಿಟ್ಟರೆ ಬೀಳುತ್ತದೆ, ಬಿಡದೆ ಬಗ್ಗುವುದಕ್ಕಾಗುವುದಿಲ್ಲ. ಹಾಗೇ ನಿಂತೆ. ಅಳು ಬಂತು. ಅರವತ್ತು ದಾಟಿದ ಗಂಡಸು, ಒಂದು ಬಾಗಿಲನ್ನು ತಬ್ಬಿಕೊಂಡು ಅಳುತ್ತಿದ್ದೆ. ಇದಕ್ಕಿಂತ ಚಂದ ಮಾಡಿ ಹೇಳುವುದಕ್ಕೆ ನನಗೆ ಬರುವುದಿಲ್ಲ.

ಆಗ ಅಂಗಳದ ಅಂಚಿನ ದಾರಿಯಲ್ಲಿ ಬಸ್ರೂರಕ್ಕ ಬಂದಳು. ಒಳಗೆ ಹೋಗಿ ಅಡಗುವ ದಾರಿ ನನಗಿರಲಿಲ್ಲ.

ಇಲ್ಲಿ ಬಂದರಿನ ಒಂದು ಕ್ರಮ ಹೇಳಬೇಕು. ಮೀನು ತುಂಬಿದ ಬುಟ್ಟಿಯನ್ನು ಯಾವ ಹೆಂಗಸೂ ಒಬ್ಬಳೇ ತಲೆಗೆ ಏರಿಸಿಕೊಳ್ಳಲಾರಳು. ಸೊಂಟದ ತನಕ ಎತ್ತಬಹುದು, ಅಲ್ಲಿಂದ ಮೇಲಕ್ಕೆ ಇನ್ನೊಬ್ಬರ ಕೈ ಬೇಕು. ಹತ್ತಿರ ಇದ್ದವರನ್ನು "ಹ್ವಾಯ್, ಒಂಚೂರ್ ಎತ್ಸಿ" ಎಂದು ಕರೆಯುತ್ತಾರೆ. ಕರೆದರೆ ಇಲ್ಲ ಎನ್ನುವ ಹಾಗಿಲ್ಲ. ಗುರುತಿಲ್ಲದವರಾದರೂ ಸರಿ, ಹಗೆಯಾದರೂ ಸರಿ. ಒಮ್ಮೆ ನನ್ನ ಹೆಂಡತಿಯೂ ಇನ್ನೊಬ್ಬಳೂ ಬಂಗುಡೆ ಪಾಲಿನ ವಿಷಯಕ್ಕೆ ಏಳು ತಲೆಮಾರು ಎತ್ತಿ ಬೈದಾಡಿಕೊಳ್ಳುತ್ತಿದ್ದರು. ನಡುವೆ ಆ ಇನ್ನೊಬ್ಬಳು "ಎತ್ಸಿ" ಎಂದಳು. ನನ್ನ ಹೆಂಡತಿ ಬೈಗುಳ ನಿಲ್ಲಿಸಿ, ಬುಟ್ಟಿ ಎತ್ತಿಸಿ, ತಲೆಯ ಬಟ್ಟೆಯ ಸಿಂಬಿಯ ಮೇಲೆ ಸರಿಯಾಗಿ ಕೂತಿತೋ ಎಂದು ನೋಡಿ, ಅವಳು ನಾಲ್ಕು ಹೆಜ್ಜೆ ಹೋದ ಮೇಲೆ ಬಿಟ್ಟಲ್ಲಿಂದ ಬೈಯುವುದಕ್ಕೆ ಹಿಡಿದಳು.

ನನಗೆ ಕ್ಷಮೆ ಕೇಳುವ ಮಾತು ಬಾರದು. ಈ ಮಾತು ಬರುತ್ತಿತ್ತು.

"ಹ್ವಾಯ್ ಅಕ್ಕ," ಎಂದೆ. ಮೂರು ವರ್ಷದ ಮೇಲೆ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ಒಂಚೂರ್ ಎತ್ಸಿ."

ಅವಳು ನಿಂತಳು. ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ತಲೆಯ ಮೇಲಿನ ಬುಟ್ಟಿಯನ್ನು ಕಟ್ಟೆಗೆ ಆನಿಸಿ ತಾನೇ ಇಳಿಸಿದಳು. ಮಳೆಗಾಲದ ನಿಷೇಧಕ್ಕೆ ಯಾಂತ್ರಿಕ ದೋಣಿಗಳು ನಿಲ್ಲುವ ದಿನ ಹತ್ತಿರ ಬಂದು ಹಸಿಮೀನು ಕಡಿಮೆಯಾಗಿತ್ತು, ಬುಟ್ಟಿಯಲ್ಲಿ ಒಣಮೀನು ಇತ್ತು, ಹಾಗಾಗಿ ಹಗುರ. ಸೀರೆ ಎತ್ತಿ ಕಟ್ಟಿ ಹತ್ತಿರ ಬಂದಳು.

"ಭಾರ ಎಷ್ಟಿತ್ತ್?"

"ಒಂದ್ ಬಂಗ್ಡಿ ಬುಟ್ಟಿಯಷ್ಟ್."

"ಹಾಂಗಾರೆ ಅಡ್ಡಿಲ್ಲ."

ತಲೆಯ ಸಿಂಬಿ ತೆಗೆದು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡು ಅರೆಮಂಡಿ ಕೂತಳು. ಬಾಗಿಲಿನ ಅಡಿ ಅಂಚು ಆ ಸಿಂಬಿಯ ಮೇಲೆ ಕೂತಿತು. ಬಣ್ಣಕ್ಕೆ ಪೆಟ್ಟಿಲ್ಲ, ಜಾರುವ ಭಯವಿಲ್ಲ. ನಲವತ್ತು ವರ್ಷ ತಲೆಯ ಮೇಲೆ ಹೊತ್ತವಳಿಗೆ ಭಾರ ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊಣಕಾಲನ್ನು ಕೂದಲೆಳೆಯಷ್ಟು ಎತ್ತಿ, ಕೂದಲೆಳೆಯಷ್ಟು ಇಳಿಸಿದಳು. ನನ್ನ ಜ್ಯಾಕು ಮಾಡಲಾಗದ್ದನ್ನು ಅವಳ ಮೊಣಕಾಲು ಮಾಡಿತು. ಗಾಡಿಯ ಅಡಿಗೆ ಉರುಳಿದ ಬೋಲ್ಟು ಹೆಕ್ಕಿ ತಂದು ಮೇಲಿನ ಮೂರು ಬೋಲ್ಟು ತೊಡಿಸಿದೆ, ಕೆಳಗಿನ ಮೂರು ತೊಡಿಸಿದೆ. ಪೂರ್ತಿ ಬಿಗಿ ಮಾಡದೆ ಬಾಗಿಲು ಮೆಲ್ಲಗೆ ಹಾಕಿ ನೋಡಿದೆವು. ಹಿಂದಿನ ಸಂದಿ ಮೇಲೆ ಕಿರಿದು, ಕೆಳಗೆ ಅಗಲ. ಮತ್ತೆ ಸಡಿಲಿಸಿ, ಮತ್ತೆ ಎತ್ತಿ, ನಾಲ್ಕು ಸಲ ಹಾಗೆ ಮಾಡಿದೆವು. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಕೆಳಗೆ ಕೂತವಳಿಗೆ ಅಡಿಯ ತೂತು ಕಂಡಿತು. ಬೆರಳು ಹಾಕಿ ನೋಡಿದಳು.

"ಈ ತೂತ್ ಎಂತಕ್?"

"ನೀರ್ ಹೋಪುಕ್."

ನಡುವಿನ ಸೀಟಿನಲ್ಲಿ ಕೂತು ಇಪ್ಪತ್ತು ವರ್ಷ ನಮ್ಮಿಬ್ಬರ ಜಗಳ ಕೇಳಿದವಳು ಅವಳು.

"ಹಾಂಗಾರೆ ನೀರ್ ಇದ್ದದ್ ಹೌದ್."

"ಹೌದ್," ಎಂದೆ. "ತೂತ್ ಮುಚ್ಚಿದ್ದ್ ನಾನೇ."

ಟಿಂಕರಿಗೆ ಹೇಳಲಾಗದ್ದು ಅವಳಿಗೆ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಎದ್ದು ಸಿಂಬಿ ಕೊಡವಿ ತಲೆಗೆ ಇಟ್ಟುಕೊಂಡಳು. "ಇದ್ ನನ್ನತ್ರ ಹೇಳುದಲ್ಲ ಅಣ್ಣ," ಎಂದಳು. ಆಮೇಲೆ ಬುಟ್ಟಿಯ ಹತ್ತಿರ ಹೋಗಿ ನಿಂತು, "ಹ್ವಾಯ್, ಎತ್ಸಿ" ಎಂದಳು.

ಎತ್ತಿಸಿದೆ. ಅವಳು ಬಸ್ಸಿಗೆ ಹೋದಳು.

ಗಾಡಿಯ ಉಳಿದ ಕೆಲಸ, ಕಾಗದಪತ್ರ ಎಲ್ಲ ಮುಗಿಯುವಾಗ ಮಳೆ ಸುರುವಾಗಿತ್ತು. ಒಂದು ಬೆಳಿಗ್ಗೆ ಅಂಗಳದ ಅಂಚಿಗೆ ಗಾಡಿ ತಂದು ನಿಲ್ಲಿಸಿದೆ. ಬಸ್ರೂರಕ್ಕ ಬುಟ್ಟಿಯನ್ನು ಹಿಂದೆ ಇಟ್ಟು, ಎಡಗಡೆ ಬಾಗಿಲು ತೆರೆದು ಹತ್ತಿದಳು. ಹತ್ತಿ ಬಾಗಿಲಿನ ಬದಿಯಲ್ಲಿ ಕೂರಲಿಲ್ಲ. ಸರಿದು ತನ್ನ ಹಳೆಯ ನಡುವಿನ ಜಾಗದಲ್ಲೇ ಕೂತಳು. ಅಲ್ಲಿಂದಲೇ ಕೈ ಚಾಚಿ ಬಾಗಿಲು ಎಳೆದಳು. ಒಂದೇ ಕೈ. ಟಕ್ ಎಂದು ಕೂತಿತು. ಬಸ್ರೂರು ಬರುವ ತನಕ ಮಳೆಯ ವಿಷಯ, ಒಣಮೀನಿನ ವಿಷಯ ಮಾತಾಡಿದೆವು. ಅವಳು ಇಳಿದು ಹೋದಳು.

ಅಲ್ಲಿಂದ ಹಾಲಾಡಿಯ ತನಕ ನಾನೊಬ್ಬನೇ. ಮಾರುವುದಕ್ಕೆ ಮೀನಿಲ್ಲ, ಕಾಣುವುದಕ್ಕೆ ಜನವಿಲ್ಲ. ತಿರುವು ಬಂದಾಗಲೆಲ್ಲ ಕಿವಿ ಎಡಕ್ಕೆ ಹೋಗುತ್ತಿತ್ತು. ಗುಳುಗುಳು ಇಲ್ಲ. ಬಾಗಿಲು ಅಲ್ಲಾಡಲಿಲ್ಲ, ಹಗ್ಗ ಇರಲಿಲ್ಲ, ಗಾಡಿಯ ಒಳಗೆ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಇಷ್ಟು ಚಂದ ಓಡುವ ಗಾಡಿ ಆಗ ಇದ್ದಿದ್ದರೆ ಅವಳು ಎರಡೂ ಕೈ ಮಡಿಲಲ್ಲಿಟ್ಟು ನಿದ್ದೆ ಮಾಡುತ್ತಿದ್ದಳು. ಅವಳಿಗೆ ಗಾಡಿಯಲ್ಲಿ ನಿದ್ದೆ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಬಸ್ಸು ಹತ್ತಿದರೆ ಸಾಕು, ನನ್ನ ಭುಜಕ್ಕೆ ಒರಗುತ್ತಿದ್ದಳು. ಹಗ್ಗ ಬಂದ ಮೇಲೆ ಅವಳು ಒಂದು ದಿನವೂ ನಿದ್ದೆ ಮಾಡಿದ್ದು ನೆನಪಿಲ್ಲ. ಇದು ಆ ಬೆಳಿಗ್ಗೆ ತನಕ ನನಗೆ ಹೊಳೆದಿರಲೇ ಇಲ್ಲ.

ಹಾಲಾಡಿಯಲ್ಲಿ ಅದೇ ಜಗಲಿಯ ಮುಂದೆ ಗಾಡಿ ನಿಲ್ಲಿಸಿದೆ. ಅಂಗಡಿ ಈಗ ತೆರೆದಿದೆ, ಮೊಬೈಲಿಗೆ ಗಾಜು ಅಂಟಿಸಿಕೊಡುತ್ತಾರೆ. ನಾನು ಇಳಿದೆ. ಮಳೆಯಲ್ಲೇ ಗಾಡಿಗೆ ಒಂದು ಸುತ್ತು ಬಂದು ಎಡಗಡೆ ಬಾಗಿಲು ತೆರೆದೆ. ತೆರೆದು ಹಿಡಿದುಕೊಂಡು ನಿಂತ ಮೇಲೆ ಗೊತ್ತಾಯಿತು, ಇಳಿಯುವವರು ಯಾರೂ ಇಲ್ಲ ಎಂದು. ಕಾಲು ತಾನಾಗಿ ನಡೆದಿತ್ತು. ಜಗಲಿಯಲ್ಲಿ ಮಳೆಗೆ ನಿಂತವರು ನೋಡುತ್ತಿದ್ದರು.

ಬಾಗಿಲಿನ ಅಡಿಯ ಐದು ತೂತಿನಿಂದ ನೀರು ಸಾಲಾಗಿ ತೊಟ್ಟಿಕ್ಕಿ ನನ್ನ ಪಾದದ ಮೇಲೆ ಬೀಳುತ್ತಿತ್ತು. ಗಾಜಿನ ಸಂದಿಯಲ್ಲಿ ಹೋದ ನೀರು, ದಾರಿ ಸಿಕ್ಕಿ ಹೊರಗೆ ಬರುತ್ತಿತ್ತು.

"ನೀರಿತ್ತ್ ಮಾರಾಯ್ತಿ," ಎಂದೆ ಖಾಲಿ ಸೀಟಿಗೆ. "ನೀ ಹೇಳಿದ್ದ್ ಹೌದ್."

ಯಾರು ಕೇಳಿದರೋ ಗೊತ್ತಿಲ್ಲ. ಆಮೇಲೆ ಬಾಗಿಲು ಹಾಕಲು ಹೋದೆ. ನನ್ನ ಎರಡೂ ಕೈ ಬಾಗಿಲಿನ ಅಡಿಗೆ ಹೋಗಿ, ಎತ್ತುವುದಕ್ಕೆ ತಯಾರಾಗಿ ನಿಂತಿದ್ದವು. ಎತ್ತುವುದು ಬೇಕಾಗಿರಲಿಲ್ಲ.